ಉಪ್ಪಾಗೆ ಘಟಕ ಹಾಕ್ತೀರಾ? ಮೊದಲು ಒಲೆ, ಆಮೇಲೆ ಮಷಿನ್

ಉಪ್ಪಾಗೆ ಅಂದರೆ ನಮ್ಮ ಕಾಡಿನ ಹುಳಿ ಹಣ್ಣು, ಅದರ ಸಿಪ್ಪೆ ಒಣಗಿಸಿ ಮಾರುತ್ತಾರೆ. ಶಿರಸಿ, ಸಿದ್ದಾಪುರದ ಕಡೆ ಇಂಥ ಹಣ್ಣು ಒಣಗಿಸುವ ಘಟಕ ಹಾಕಬೇಕು ಅನ್ನುವವರು ಮೊದಲು ಕೇಳುವುದೇ ಯಾವ ಮಷಿನ್ ತಗೊಳ್ಳಲಿ ಅಂತ. ಮಷಿನ್ ಆಮೇಲೆ ನೋಡೋಣ. ಉಪ್ಪಾಗೆ ಉದುರುವುದು ಜೂನ್‌ನಿಂದ ಆಗಸ್ಟ್‌ವರೆಗೆ, ಅಂದರೆ ಬಿಸಿಲಿಲ್ಲ, ರಸ್ತೆ ಪೂರ್ತಿ ಕೆಸರು, ಲೈನ್ ಮೇಲೆ ಮರ ಬಿದ್ದರೆ ಕರೆಂಟ್ ಯಾವಾಗ ಬರುತ್ತದೋ ದೇವರಿಗೇ ಗೊತ್ತು. ಫ್ಯಾನ್ ನಂಬಿಕೊಂಡ ಡ್ರೈಯರ್ ಇಲ್ಲಿ ಸುಮ್ನೆ ದಂಡ.

ಜಾಗ ಹುಡುಕುವಾಗ ಮರ ಎಲ್ಲಿದೆ ಅಂತ ನೋಡಬೇಡಿ, ಜುಲೈನಲ್ಲೂ ಪಿಕಪ್ ಬಂದು ತಿರುಗುತ್ತದಾ ನೋಡಿ. ಅಬ್ಬಿ ನೀರು, ಅಂದರೆ ಗುಡ್ಡದ ಒರತೆ ನೀರು, ತಾನಾಗಿ ಇಳಿದು ಬಂದರೆ ಪಂಪಿನ ಗೋಜಿಲ್ಲ, ಆದರೆ ಒಮ್ಮೆ ಟೆಸ್ಟ್ ಮಾಡಿಸಿ. ಮಾಡು ಹೊದಿಸುವುದು ಮೇ ಒಳಗೆ ಮುಗಿಯಲಿ.

ಇನ್ನು ಒಲೆ, ಅಂದರೆ ಸಿಪ್ಪೆ ಒಣಗಿಸುವ ಗೂಡು. ಬೆಂಕಿ ಗೂಡಿನ ಗೋಡೆಯ ಹೊರಗಿರಲಿ. ಹೊಗೆ ದಪ್ಪ ಪೈಪಿನಲ್ಲಿ ಗೂಡಿನ ತಳದಲ್ಲಿ ಸುತ್ತಿ ಚಿಮಣಿಯಿಂದ ಹೊರಗೆ ಹೋಗಬೇಕು, ಆ ಪೈಪಿನ ಬಿಸಿಗೆ ಗಾಳಿ ಮೇಲೇರಿ ಸಿಪ್ಪೆ ಹರಡಿದ ತಟ್ಟೆಗಳ ನಡುವೆ ಹಾದು ಮೇಲಿನ ಕಿಂಡಿಯಿಂದ ತೇವ ಹೊತ್ತುಕೊಂಡು ಹೋಗುತ್ತದೆ. ಕಿಂಡಿ ಮರೆತರೆ ಸಿಪ್ಪೆ ಒಣಗುವುದಿಲ್ಲ, ಬೇಯುತ್ತದೆ! 60 ಡಿಗ್ರಿ ಆಸುಪಾಸು ಸಾಕು. ಕಾಡಿನ ಕಟ್ಟಿಗೆಗೆ ಕೈ ಹಾಕಬೇಡಿ, ಒಣಗಿದ ಅಡಿಕೆ ಸಿಪ್ಪೆ, ಸೋಗೆ ಬೇಸಿಗೆಯಲ್ಲೇ ಮಾಡಿನ ಕೆಳಗೆ ಸೇರಿಸಿಟ್ಟುಕೊಳ್ಳಿ.

ತಟ್ಟೆ ವಿಷಯದಲ್ಲಿ ನಾನೇ ಕೆಟ್ಟಿದ್ದೇನೆ. ಅಗ್ಗ ಅಂತ ಸಾದಾ ಕಬ್ಬಿಣದ ಜಾಲರಿ ಹಾಕಿಸಿದೆ. ಉಪ್ಪಾಗೆ ಹುಳಿ ಅಂದರೆ ಅಂತಿಂಥ ಹುಳಿ ಅಲ್ಲ, ಒಂದೇ ಸೀಸನ್‌ಗೆ ಜಾಲರಿ ತಿಂದು ಹಾಕಿತು, ಸಿಪ್ಪೆ ಮೇಲೆ ತುಕ್ಕಿನ ಚೌಕುಳಿ ಬಿದ್ದು ವ್ಯಾಪಾರಿ ಮೂಸಿಯೂ ನೋಡಲಿಲ್ಲ. ಸ್ಟೀಲ್ ಹಾಕಿ, ಇಲ್ಲವೇ ಅಡಿಕೆ ಮರ ಸೀಳಿದ ದಬ್ಬೆ. ಕತ್ತಿಯೂ ಸ್ಟೀಲೇ.

ಹಣ್ಣು ಬಂದ ದಿನವೇ ಸೀಳಿ ಬೀಜ ತೆಗೆಯಿರಿ. ಬೀಜ ಎಸೆಯಬೇಡಿ, ಉಪ್ಪಾಗೆ ತುಪ್ಪ ಅನ್ನುವ ಜಿಡ್ಡು ಅದರಲ್ಲೇ ಇರುವುದು. ಒಣಗಿದ ಸಿಪ್ಪೆ ಬಿಸಿ ಇರುವಾಗಲೇ ಕಟ್ಟಿದರೆ ಬೆವರುತ್ತದೆ, ಇಡೀ ರಾತ್ರಿ ಹೊರಗೆ ಬಿಟ್ಟರೆ ಮಳೆಗಾಲದ ಥಂಡಿ ಎಳೆದುಕೊಂಡು ಮೆತ್ತಗಾಗುತ್ತದೆ. ಆರಿದ ಕೂಡಲೇ ದಪ್ಪ ಪ್ಲಾಸ್ಟಿಕ್‌ಗೆ ತುಂಬಿ ಬಾಯಿ ಬಿಗಿಯಿರಿ.

ಕಾಡಿನ ಹಣ್ಣಾದರೆ ಮೊದಲೇ ಅರಣ್ಯ ಇಲಾಖೆಯಲ್ಲಿ ಕೇಳಿಕೊಳ್ಳಿ, ಆಹಾರ ಪರವಾನಗಿ ಅರ್ಜಿ ಆನ್‌ಲೈನಲ್ಲೇ ಹಾಕಬಹುದು. ಕಾಯಿ ಬಡಿದು ತಂದವರಿಂದ ಮಾತ್ರ ಕೊಳ್ಳಬೇಡಿ.

ವರ್ಷಕ್ಕೆ ಮೂರೇ ತಿಂಗಳು ಉರಿದರೆ ಒಲೆಯ ಖರ್ಚು ಹುಟ್ಟುವುದಿಲ್ಲ ಅಲ್ವಾ? ಅದಕ್ಕೇ ಏಪ್ರಿಲ್, ಮೇನಲ್ಲಿ ಮುರುಗಲು (ಕೋಕಂ), ಉಳಿದಾಗ ಬಾಳೆಹಣ್ಣು ಒಣಗಿಸಿದ ಸುಕೇಳಿ. ಆದರೆ ಹುಳಿಗೊಂದು, ಸಿಹಿಗೊಂದು ತಟ್ಟೆ ಬೇರೆ ಇಡಿ.