ಲೇಸರ್ ತಾಗಿದ ಮಂಡಿಯಲ್ಲಿ ಮತ್ತೆ ನೋವೇ? ಹೀಗೆ ಮಾಡಿ

ಮಂಡಿಯ ಮೂಳೆತುದಿಗಳಿಗೆ ಹೊದಿಕೆಯಾಗಿರುವ ಕಾರ್ಟಿಲೇಜ್‌ನ ದಪ್ಪ ಕೆಲವೇ ಮಿಲಿಮೀಟರ್. ಅದಕ್ಕೆ ರಕ್ತನಾಳವಿಲ್ಲ, ನರವೂ ಇಲ್ಲ. ಆಪರೇಷನ್ನಿನ ಲೇಸರ್ ಶಾಖಕ್ಕೆ ಸುಟ್ಟರೂ ಆ ಗಳಿಗೆಯಲ್ಲಿ ಅದು ನೋಯುವುದಿಲ್ಲ, ಸುಟ್ಟದ್ದು ಸರಿಯಾಗಿ ಮತ್ತೆ ಬೆಳೆಯುವುದೂ ಇಲ್ಲ.

ಹರಿದ ಮೆನಿಸ್ಕಸ್ (ಮಂಡಿಯ ಮೂಳೆಗಳ ನಡುವಿನ ಮೆತ್ತೆ) ಕತ್ತರಿಸಲು, ಎಳೆಎಳೆಯಾಗಿ ಎದ್ದ ಕಾರ್ಟಿಲೇಜನ್ನು ನುಣುಪು ಮಾಡಲು 1990ರ ದಶಕದಲ್ಲಿ ಹೋಲ್ಮಿಯಂ ಲೇಸರ್ ಬಹಳ ಬಳಕೆಯಲ್ಲಿತ್ತು. ಅದರ ಅಲೆಯುದ್ದ ಸುಮಾರು 2.1 ಮೈಕ್ರಾನ್. ನೀರು ಈ ಕಿರಣವನ್ನು ಬೇಗ ಹೀರುವುದರಿಂದ ಶಾಖ ಆಳಕ್ಕೆ ಇಳಿಯದೆಂದು ನಂಬಿದ್ದರು. ಆದರೆ ಲೇಸರ್ ತುದಿ ಒಂದೇ ಕಡೆ ತುಸು ಹೊತ್ತು ನಿಂತರೂ ಸಾಕು. 55 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕಾರ್ಟಿಲೇಜ್ ಕೋಶಗಳು ಸಾಯತೊಡಗುತ್ತವೆ. ಮಂಡಿಯೊಳಗಿಳಿಸಿದ ಕ್ಯಾಮೆರಾದ ಪರದೆಯಲ್ಲಿ ಜಾಗ ನುಣ್ಣಗೆ, ಚೊಕ್ಕಟವಾಗಿ ಕಾಣುತ್ತಿರುವಾಗಲೇ ಒಳಗಿನ ಪದರ ಸತ್ತಿರಬಹುದು. ಕೆಲವರಲ್ಲಿ ಕೆಳಗಿನ ಮೂಳೆಯೂ ಸತ್ತು ಕುಸಿದದ್ದುಂಟು.

ಆಪರೇಷನ್‌ಗೆ ಮುಂಚೆ: ಯಾವ ಉಪಕರಣ ಬಳಸುತ್ತೀರಿ, ಬ್ಲೇಡ್ ಸಾಲದೇ ಎಂದು ಸಂಕೋಚವಿಲ್ಲದೆ ಕೇಳಿ. ರೇಡಿಯೋ ತರಂಗದ ಉಪಕರಣವಾದರೂ ಇದೇ ಪ್ರಶ್ನೆ, ಏಕೆಂದರೆ ಅದೂ ಶಾಖವೇ. ಆಪರೇಷನ್ ವರದಿಯ ಪ್ರತಿ ಪಡೆದು ಜೋಪಾನವಾಗಿಡಿ.

ಆಮೇಲೆ: ನೋವಿನ ದಾರಿ ಗಮನಿಸಿ. ದಿನೇದಿನೇ ಇಳಿದರೆ ಸರಿ. ಕೆಲವು ವಾರ ಹಾಯಾಗಿದ್ದು, ಒಂದು ದಿನ ಮೆಟ್ಟಿಲಿಳಿಯುವಾಗ ಮಂಡಿಯ ಒಂದೇ ಬದಿಯಲ್ಲಿ ಬೆರಳಿಟ್ಟು ತೋರಿಸುವಂಥ ನೋವು ಬಂದರೆ, ರಾತ್ರಿ ಮಲಗಿದರೂ ಅದು ಬಿಡದಿದ್ದರೆ, ‘ಆಪರೇಷನ್ ಆಗಿದೆಯಲ್ಲ, ನೋವು ಇದ್ದದ್ದೇ’ ಎಂಬ ಸಮಾಧಾನ ಬೇಡ. ಜ್ವರ ಬಂದು ಮಂಡಿ ಕೆಂಪಾಗಿ ಊದಿಕೊಂಡರೆ ಸೋಂಕಿರಬಹುದು. ಅಂದೇ ಆಸ್ಪತ್ರೆಗೆ ಹೋಗಿ.

ಎಂಆರ್‌ಐ ಕೇಳಿ. ಮೂಳೆ ಹಾನಿ ಆರಂಭದಲ್ಲಿ ಎಕ್ಸ್‌ರೇಗೆ ಸಿಗುವುದಿಲ್ಲ. ಎಕ್ಸ್‌ರೇ ಚೆನ್ನಾಗಿದೆ ಎಂದು ಮನೆಗೆ ಕಳಿಸಿದರೆ ಅಷ್ಟಕ್ಕೇ ಸುಮ್ಮನಾಗಬೇಡಿ. ಹಾಗೆಂದು ಎಲ್ಲಕ್ಕೂ ಲೇಸರನ್ನೇ ದೂರುವುದೂ ತಪ್ಪು. ಲೇಸರ್ ಮುಟ್ಟದ ಮೆನಿಸ್ಕಸ್ ಆಪರೇಷನ್ ನಂತರವೂ ಇಂಥ ಮೂಳೆ ಹಾನಿ ಕಂಡಿದೆ.

ಪರೀಕ್ಷೆ ಆಗುವವರೆಗೆ ಆ ಕಾಲಿಗೆ ಭಾರ ಬೀಳದಂತೆ ನೋಡಿಕೊಳ್ಳಿ. ಒಂದೇ ಊರುಗೋಲಾದರೆ ನೋವಿಲ್ಲದ ಕಡೆಯ ಕೈಯಲ್ಲಿರಲಿ. ಮೆಟ್ಟಿಲು ಹತ್ತುವಾಗ ಗಟ್ಟಿ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಮೂಳೆ ಕುಸಿಯುವ ಮುನ್ನ ಗೊತ್ತಾದರೆ ಭಾರ ತಪ್ಪಿಸಿಯೇ ಕೆಲವರು ಚೇತರಿಸಿಕೊಳ್ಳುತ್ತಾರೆ. ಕುಸಿದ ಮೇಲೆ ಮೂಳೆ-ಕಾರ್ಟಿಲೇಜ್ ಕಸಿಯೋ ಕೃತಕ ಮಂಡಿಯೋ ಬೇಕಾಗಬಹುದು.