ಮೂಡಲ್‌ನಲ್ಲಿ ಲಾಗಿನ್ ನೋಡಿಕೊಳ್ಳುವ ಕೆಲಸ: ನನ್ನ ಅನುಭವ

ವಿಟಿಯು (ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ) ಅಡಿಯಲ್ಲಿ ಬರುವ ಒಂದು ಇಂಜಿನಿಯರಿಂಗ್ ಕಾಲೇಜಿನ ಮೂಡಲ್ ಸೈಟನ್ನು ನಾನು ನೋಡಿಕೊಳ್ಳುತ್ತೇನೆ. 2002ರಲ್ಲಿ ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್ ಹೊರತಂದ ಈ ಆನ್‌ಲೈನ್ ಕಲಿಕೆಯ ಸಾಫ್ಟ್‌ವೇರ್ ಉಚಿತ, ನಮ್ಮದೇ ಸರ್ವರ್‌ನಲ್ಲಿ ಹಾಕಿಕೊಳ್ಳಬಹುದು. ನೋಟ್ಸ್, ಅಸೈನ್‌ಮೆಂಟ್, ಕ್ವಿಜ್ ಎಲ್ಲ ಅದರಲ್ಲೇ. ಆದರೆ ನನ್ನ ಹತ್ತಿರ ಬರುವ ದೂರುಗಳಲ್ಲಿ "ಸರ್, ಲಾಗಿನ್ ಆಗ್ತಿಲ್ಲ" ಅನ್ನುವುದೇ ಜಾಸ್ತಿ. ನೋಡುತ್ತಾ ಹೋದರೆ, ಇವುಗಳಲ್ಲಿ ಹೆಚ್ಚಿನವು ಹುಟ್ಟುವುದು ಲಾಗಿನ್ ಪುಟದಲ್ಲಿ ಅಲ್ಲ, ಅಡ್ಮಿಷನ್ ಫಾರ್ಮ್‌ನಲ್ಲಿ.

ಇಮೇಲನ್ನೇ ತಗೊಳ್ಳಿ. ಎಷ್ಟೋ ಹುಡುಗರು ಫಾರ್ಮ್ ತುಂಬಿಸುವುದು ಸೈಬರ್ ಸೆಂಟರ್‌ನಲ್ಲಿ. ಹುಡುಗನಿಗೆ ತನ್ನ ಇಮೇಲ್ ನೆನಪಿರುವುದಿಲ್ಲ, ಸೆಂಟರಿನವರು ತಮ್ಮದೇ ಒಂದನ್ನು ಹಾಕಿ ಮುಗಿಸುತ್ತಾರೆ. ಇಲ್ಲವೇ ಅಣ್ಣನದೋ ಮಾವನದೋ ಇರುತ್ತದೆ. ಮೂಡಲ್ ಒಂದು ಇಮೇಲ್‌ಗೆ ಒಂದೇ ಖಾತೆ ಕೊಡುತ್ತದೆ. ಬೇಕಾದರೆ ಇದನ್ನು ಸಡಿಲಿಸುವ ಸೆಟ್ಟಿಂಗ್ ಇದೆ, ಅದನ್ನು ಆನ್ ಮಾಡಿದರೆ ಆ ಹೊತ್ತಿಗೆ ಕೆಲಸ ಸಲೀಸು. ನಾನು ಅದರ ತಂಟೆಗೆ ಹೋಗಲಿಲ್ಲ. ನಾಳೆ ಪಾಸ್‌ವರ್ಡ್ ಮರೆತರೆ ರೀಸೆಟ್ ಲಿಂಕ್ ಹೋಗುವುದು ಸೈಬರ್ ಸೆಂಟರಿಗೇ ಅಲ್ವಾ? ಆ ಲಿಂಕ್ ಬದುಕಿರುವುದೂ ಮಾಮೂಲಾಗಿ 30 ನಿಮಿಷ ಮಾತ್ರ.

ಹಾಗಾಗಿ ಫಾರ್ಮ್‌ನ ಇಮೇಲನ್ನು ನಂಬುವುದೇ ಬಿಟ್ಟೆ. ಕಾಲೇಜಿಗೆ ಗೂಗಲ್ ವರ್ಕ್‌ಸ್ಪೇಸ್ ಇತ್ತು, ಅಂದರೆ ಕಾಲೇಜಿನ ಹೆಸರಿನಲ್ಲೇ ಇಮೇಲ್ ಕೊಡುವ ಗೂಗಲ್ ಸೇವೆ. ಪ್ರತಿ ವಿದ್ಯಾರ್ಥಿಗೂ ಕಾಲೇಜಿನ ಇಮೇಲ್ ಮೊದಲು, ಮೂಡಲ್ ಖಾತೆ ಆಮೇಲೆ ಎಂದು ಕ್ರಮ ಮಾಡಿದೆವು.

ಮುಂದಿನದು ಯೂಸರ್‌ನೇಮ್. ಯುಎಸ್‌ಎನ್ (ವಿಟಿಯು ಪ್ರತಿ ವಿದ್ಯಾರ್ಥಿಗೆ ಕೊಡುವ ನಂಬರ್) ಇಡುವುದು ಸಹಜ, ಅದು ಇಬ್ಬರಿಗೆ ಒಂದೇ ಇರುವುದಿಲ್ಲ. ತೊಂದರೆ ಏನೆಂದರೆ ಮೊದಲ ಸೆಮಿಸ್ಟರ್ ಕ್ಲಾಸ್ ಶುರುವಾದಾಗ ಯುಎಸ್‌ಎನ್ ಇನ್ನೂ ಬಂದಿರುವುದಿಲ್ಲ. ಅಲ್ಲಿಯತನಕ ಅಡ್ಮಿಷನ್ ನಂಬರನ್ನೇ ಯೂಸರ್‌ನೇಮ್ ಮಾಡುತ್ತೇನೆ. ಯುಎಸ್‌ಎನ್ ಬಂದ ಮೇಲೆ ಹೊಸ ಖಾತೆ ಮಾಡುವುದಿಲ್ಲ. ಹಾಗೆ ಮಾಡಿದರೆ ಹಳೆಯ ಅಸೈನ್‌ಮೆಂಟ್, ಮಾರ್ಕ್ಸ್ ಎಲ್ಲ ಹಳೆ ಖಾತೆಯಲ್ಲೇ ಉಳಿಯುತ್ತವೆ. ಖಾತೆಗಳ ಪಟ್ಟಿಯನ್ನು ಮೂಡಲ್‌ಗೆ ಹಾಕುವ ಸಿಎಸ್‌ವಿ ಫೈಲ್‌ನಲ್ಲಿ (ಎಕ್ಸೆಲ್‌ನಂಥ ಸಾದಾ ಪಟ್ಟಿ) ಹಳೆಯ ಯೂಸರ್‌ನೇಮ್‌ಗೆ ಅಂತಲೇ ಒಂದು ಕಾಲಂ ಇಡಬಹುದು. ಅದನ್ನು ತುಂಬಿಸಿ, ಅಪ್‌ಲೋಡ್ ಮಾಡುವಾಗ ಹೆಸರು ಬದಲಿಸಲು ಒಪ್ಪಿಗೆ ಕೊಟ್ಟರೆ ಇಡೀ ಬ್ಯಾಚಿನ ಯೂಸರ್‌ನೇಮ್ ಒಂದೇ ಏಟಿಗೆ ಬದಲಾಗುತ್ತದೆ. ಡಿಪ್ಲೊಮಾ ಮುಗಿಸಿ ನೇರ ಎರಡನೇ ವರ್ಷಕ್ಕೆ ಬರುವವರ ಯುಎಸ್‌ಎನ್‌ನ ಕೊನೆಯ ಮೂರಂಕಿ 400ರಿಂದ ಶುರು. ಅವರದ್ದು ಬೇರೆ ಪಟ್ಟಿ, ಮರೆಯಬಾರದು.

ಇನ್ನೊಂದು ಸಣ್ಣ ತಲೆನೋವು: ಮೂಡಲ್‌ಗೆ ಕೊನೆಯ ಹೆಸರು ಬೇಕೇ ಬೇಕು. ನಮ್ಮಲ್ಲಿ ಬರೀ "ಮಂಜುನಾಥ" ಎಂದು ಒಂದೇ ಹೆಸರಿನವರು ಎಷ್ಟು ಜನ! ಇನಿಷಿಯಲ್ ಇದ್ದರೆ ಅದನ್ನು ಹಾಕುತ್ತೇನೆ, ಅದೂ ಇಲ್ಲದಿದ್ದರೆ ಒಂದು ಚುಕ್ಕಿ.

ಪಾಸ್‌ವರ್ಡ್ ಬದಲು ಗೂಗಲ್ ಬಟನ್ ಕೊಡಿ ಎಂದು ಎಲ್ಲರೂ ಹೇಳುತ್ತಾರೆ. ಕೊಟ್ಟೆವು. ಬೇರೆ ಕಡೆಯ ಖಾತೆಯಿಂದಲೇ ಲಾಗಿನ್ ಆಗಲು ಮೂಡಲ್‌ನಲ್ಲಿ ಓಆತ್ 2 ಎಂಬ ವಿಧಾನ ಮೊದಲೇ ಇದೆ. ಗೂಗಲ್ ಕಡೆ ಬರೆಯುವ ರಿಡೈರೆಕ್ಟ್ ವಿಳಾಸ (ಲಾಗಿನ್ ಆದ ಮೇಲೆ ವಾಪಸ್ ಬರಬೇಕಾದ ಮೂಡಲ್ ವಿಳಾಸ) ಅಕ್ಷರಕ್ಕೆ ಅಕ್ಷರ ಹೊಂದಬೇಕು. ಮೂಡಲ್ ಕಡೆ ಎರಡು ಸೆಟ್ಟಿಂಗ್ ಮುಖ್ಯ. ಕಾಲೇಜಿನ ಡೊಮೇನ್ (ಇಮೇಲ್‌ನಲ್ಲಿ @ ನಂತರದ ಭಾಗ) ಬಿಟ್ಟು ಬೇರೆ ಇಮೇಲ್‌ಗೆ ಬಾಗಿಲು ಹಾಕುವುದು ಒಂದು. ಲಾಗಿನ್ ಆಗಲು ಬಂದವರಿಗೆಲ್ಲ ತಾನೇ ಹೊಸ ಖಾತೆ ಮಾಡಿಕೊಡದಂತೆ ತಡೆಯುವುದು ಇನ್ನೊಂದು. ಇದನ್ನು ಬಿಟ್ಟರೆ ಪಟ್ಟಿಯಲ್ಲಿ ಇಮೇಲ್‌ನ ಒಂದಕ್ಷರ ತಪ್ಪಿದ್ದವನಿಗೂ ಇನ್ನೊಂದು ಹೊಸ ಖಾತೆ ಹುಟ್ಟುತ್ತದೆ. ಒಳಗೆ ಹೋಗಿ ನೋಡಿದರೆ ಒಂದು ಕೋರ್ಸೂ ಇಲ್ಲ ಎಂದು ಅವನು ಗಾಬರಿಯಾಗುತ್ತಾನೆ.

ಆದರೆ ಲ್ಯಾಬಿನಲ್ಲಿ ಇದು ಉಲ್ಟಾ ಹೊಡೆಯುತ್ತದೆ. ಮೂಡಲ್‌ನಿಂದ ಲಾಗೌಟ್ ಆದ ಮಾತ್ರಕ್ಕೆ ಬ್ರೌಸರ್‌ನಲ್ಲಿ ಗೂಗಲ್ ಖಾತೆ ಲಾಗೌಟ್ ಆಗುವುದಿಲ್ಲ. ಮುಂದಿನ ಬ್ಯಾಚಿನ ಹುಡುಗಿ ಅದೇ ಕಂಪ್ಯೂಟರ್‌ನಲ್ಲಿ ಕೂತು ಗೂಗಲ್ ಬಟನ್ ಒತ್ತಿದರೆ ಹಿಂದಿನವನ ಹೆಸರಿನಲ್ಲಿ ಒಳಗೆ ಹೋಗಿರುತ್ತಾಳೆ. ಅವಳಿಗೆ ಗೊತ್ತಾಗುವುದೇ ಅಸೈನ್‌ಮೆಂಟ್ ಹಾಕಿದ ಮೇಲೆ. ಅದಕ್ಕೇ ಖಾತೆಗಳನ್ನು ಮ್ಯಾನುಯಲ್ (ಮೂಡಲ್‌ನದ್ದೇ ಪಾಸ್‌ವರ್ಡ್ ಇರುವಂತೆ) ಆಗಿಯೇ ಇಟ್ಟು, ಅದರ ಜೊತೆಗೆ ಗೂಗಲನ್ನು ಲಿಂಕ್ ಮಾಡಿಸುತ್ತೇವೆ. ಮೊದಲ ಸಲ ಬಟನ್ ಒತ್ತಿದಾಗ ಕಾಲೇಜಿನ ಇಮೇಲ್‌ಗೆ ಒಂದು ದೃಢೀಕರಣ ಲಿಂಕ್ ಬರುತ್ತದೆ, ಅದನ್ನು ಒತ್ತಿದರೆ ಮುಗಿಯಿತು. ಮನೆಯಲ್ಲಿ, ಮೊಬೈಲ್‌ನಲ್ಲಿ ಗೂಗಲ್. ಲ್ಯಾಬಿನಲ್ಲಿ ಯುಎಸ್‌ಎನ್ ಮತ್ತು ಪಾಸ್‌ವರ್ಡ್. ಲ್ಯಾಬ್ ಬ್ರೌಸರ್ ಮುಚ್ಚಿದ ಕೂಡಲೇ ಎಲ್ಲ ಅಳಿಸಿಹೋಗುವಂತೆಯೂ ಮಾಡಿದ್ದೇವೆ.

ಸತತವಾಗಿ ತಪ್ಪು ಪಾಸ್‌ವರ್ಡ್ ಹಾಕಿದರೆ ಖಾತೆ ಲಾಕ್ ಆಗುವ ವ್ಯವಸ್ಥೆ ಮೂಡಲ್‌ನಲ್ಲಿದೆ, ನಾವೇ ಆನ್ ಮಾಡಬೇಕು. ಮಾಡುವ ಮೊದಲು ಒಂದು ಮಾತು. ಯೂಸರ್‌ನೇಮ್ ಯುಎಸ್‌ಎನ್ ಆಗಿದ್ದರೆ ಅದು ಇಡೀ ಕ್ಲಾಸಿಗೆ ಗೊತ್ತು. ಇಂಟರ್ನಲ್ಸ್‌ಗೆ ಐದು ನಿಮಿಷ ಮೊದಲು ಗೆಳೆಯನ ನಂಬರ್ ಹೊಡೆದು ಸುಮ್ನೆ ನಾಲ್ಕಾರು ತಪ್ಪು ಪಾಸ್‌ವರ್ಡ್ ಕುಟ್ಟಿದರೆ ಸಾಕು, ಅವನು ಹೊರಗೆ. ಹುಡುಗರಿಗೆ ಇಂಥದ್ದು ಯಾರೂ ಹೇಳಿಕೊಡಬೇಕಿಲ್ಲ. ಹಾಗಾಗಿ ನಾನು ಮಿತಿಯನ್ನು ಧಾರಾಳವಾಗಿ ಇಟ್ಟು, ಲಾಕ್ ಇರುವ ಸಮಯವನ್ನು ಚಿಕ್ಕದು ಮಾಡಿದ್ದೇನೆ.

"ಪಾಸ್‌ವರ್ಡ್ ಕರೆಕ್ಟಾಗೇ ಹಾಕ್ತಿದ್ದೀನಿ ಸರ್" ಎಂದು ಯಾರಾದರೂ ಬಂದರೆ ನಾನು ವಾದ ಮಾಡುವುದಿಲ್ಲ, ಮೂಡಲ್ ತಾನೇ ಬರೆದಿಡುವ ದಾಖಲೆ, ಅಂದರೆ ಲಾಗ್ ತೆಗೆಯುತ್ತೇನೆ. ವಿಫಲವಾದ ಪ್ರತಿ ಲಾಗಿನ್ ಪಕ್ಕ ಕಾರಣದ ಅಂಕಿ ಇರುತ್ತದೆ. 1 ಅಂದರೆ ಆ ಹೆಸರಿನ ಖಾತೆಯೇ ಇಲ್ಲ. 2 ಅಂದರೆ ಖಾತೆ ಅಮಾನತಿನಲ್ಲಿದೆ. 3 ಪಾಸ್‌ವರ್ಡ್ ತಪ್ಪು, 4 ಲಾಕ್. ಕಾರಣ 1 ಇದ್ದಲ್ಲಿ ಅವನು ಟೈಪ್ ಮಾಡಿದ ಯೂಸರ್‌ನೇಮ್ ಕೂಡ ಕಾಣಿಸುತ್ತದೆ. ಹೆಚ್ಚಾಗಿ ಸೊನ್ನೆಯ ಜಾಗದಲ್ಲಿ ಇಂಗ್ಲಿಷಿನ ಓ ಅಕ್ಷರ ಕೂತಿರುತ್ತದೆ. ಕ್ಯಾಪಿಟಲ್ ಹಾಕಿದ್ದರೆ ಚಿಂತೆಯಿಲ್ಲ, ಮೂಡಲ್ ತಾನೇ ಸಣ್ಣಕ್ಷರ ಮಾಡಿಕೊಳ್ಳುತ್ತದೆ.

ವಿದ್ಯಾರ್ಥಿಗಳಿಗಿಂತ ಮೇಷ್ಟ್ರುಗಳದ್ದು ದೊಡ್ಡ ಕತೆ. ಮಾರ್ಕ್ಸ್ ಹಾಕಲು ಪಾಸ್‌ವರ್ಡನ್ನು ಇನ್ನೊಬ್ಬರಿಗೆ ಕೊಟ್ಟುಬಿಡುತ್ತಾರೆ. ಬೈದರೆ ಉಪಯೋಗವಿಲ್ಲ. ಸಹಾಯಕರಿಗೆ ಅವರದ್ದೇ ಖಾತೆ ಕೊಟ್ಟು, ಕೋರ್ಸ್ ತಿದ್ದಲಾಗದ ಆದರೆ ಮಾರ್ಕ್ಸ್ ಕೊಡಬಹುದಾದ ಟೀಚರ್ ಪಾತ್ರ ಹಾಕಿದರೆ ಆ ಗೋಜೇ ಇರುವುದಿಲ್ಲ. 2023ರ ಮೂಡಲ್ 4.3ರಿಂದ ಪಾಸ್‌ವರ್ಡ್ ಆದ ಮೇಲೆ ಎರಡನೇ ಹಂತದ ಪರಿಶೀಲನೆ ಮೂಲ ಸಾಫ್ಟ್‌ವೇರ್‌ನಲ್ಲೇ ಸಿಗುತ್ತದೆ. ನಾನು ಅದನ್ನು ಮೇಷ್ಟ್ರುಗಳಿಗೆ ಮತ್ತು ಅಡ್ಮಿನ್‌ಗಳಿಗೆ ಮಾತ್ರ ಇಟ್ಟಿದ್ದೇನೆ, ಆಗಾಗ ಬದಲಾಗುವ ಕೋಡ್ ತೋರಿಸುವ ಮೊಬೈಲ್ ಆಥೆಂಟಿಕೇಟರ್ ಆ್ಯಪ್ ಮೂಲಕ. ಎಸ್‌ಎಂಎಸ್ ಓಟಿಪಿ ಕೇಳಿದವರೂ ಇದ್ದರು. ಅದಕ್ಕೆ ಟ್ರಾಯ್ (ಟೆಲಿಕಾಂ ನಿಯಂತ್ರಣ ಪ್ರಾಧಿಕಾರ) ನಿಯಮದ ಪ್ರಕಾರ ಡಿಎಲ್‌ಟಿ ಎಂಬ ಎಸ್‌ಎಂಎಸ್ ನೋಂದಣಿ ವ್ಯವಸ್ಥೆಯಲ್ಲಿ ಹೆಸರು, ಸಂದೇಶದ ನಮೂನೆ ಎಲ್ಲ ನೋಂದಾಯಿಸಬೇಕು, ಮೇಲೆ ಪ್ರತಿ ಮೆಸೇಜಿಗೂ ದುಡ್ಡು. ನಮ್ಮಂಥ ಕಾಲೇಜಿಗೆ ಬೇಕಿಲ್ಲ.

ಕೋರ್ಸ್ ಮುಗಿಸಿ ಹೋದವರ ಖಾತೆಯನ್ನು ನಾನು ಡಿಲೀಟ್ ಮಾಡುವುದಿಲ್ಲ, ಸಿಎಸ್‌ವಿ ಪಟ್ಟಿ ಹಾಕಿ ಅಮಾನತಿನಲ್ಲಿ ಇಡುತ್ತೇನೆ. ಕಾಲೇಜುಗಳಿಗೆ ಮಾನ್ಯತೆ ಕೊಡುವ ನ್ಯಾಕ್‌ಗೆ ಅಂತ ಹಳೆಯ ದಾಖಲೆ ಕೇಳಿದಾಗ ಮಾರ್ಕ್ಸ್, ಅಸೈನ್‌ಮೆಂಟ್ ಎಲ್ಲ ಇದ್ದಲ್ಲೇ ಸಿಗುತ್ತವೆ. ಬ್ಯಾಕ್ ಪೇಪರ್ ಇರುವವರ ಹೆಸರನ್ನು ಮಾತ್ರ ಆ ಪಟ್ಟಿಯಿಂದ ಮೊದಲೇ ತೆಗೆಯಬೇಕು. ಅದಕ್ಕೆ ಫಲಿತಾಂಶ ಬರುವತನಕ ಆ ಸಿಎಸ್‌ವಿ ಅಪ್‌ಲೋಡ್ ಮಾಡುವುದಿಲ್ಲ.