ಹಳ್ಳಿಗೆ ಹೋಗಿ ಮೂರು ದಿನ ನಿಧಾನವಾಗಿ ಇದ್ದು ಬರುವುದು ಹೇಗೆ

ನಾವು ಬೆಂಗಳೂರಿನ ವಿಜಯನಗರದವರು. ತಿಪಟೂರಿನ ಹತ್ತಿರ ನನ್ನ ಚಿಕ್ಕಮ್ಮನ ತೋಟದ ಮನೆ ಇದೆ. ಬೆಂಗಳೂರಿನಿಂದ ಸುಮಾರು 140 ಕಿಲೋಮೀಟರ್. ಮೊದಲ ಸಲ ನಾನು, ನಮ್ಮನೆಯವರು, ಅತ್ತೆ, ಇಬ್ಬರು ಮಕ್ಕಳು ಕಾರಿನಲ್ಲಿ ಹೋದೆವು. ಎರಡೇ ದಿನದಲ್ಲಿ ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಮೂರನ್ನೂ ಮುಗಿಸಿದೆವು. ಚಿಕ್ಕಮ್ಮನ ಮನೆಯಲ್ಲಿ ಮಲಗಿ ಎದ್ದದ್ದಷ್ಟೇ. ವಾಪಸ್ ಬಂದ ಮೇಲೆ ಮಗಳು, ‘ಅಮ್ಮ, ನಾವು ಅಜ್ಜಿ ಮನೇಲಿ ಆಟಾನೇ ಆಡ್ಲಿಲ್ಲ’ ಅಂದಳು. ಆ ಮಾತು ಚುಚ್ಚಿತು. ಅಲ್ಲಿಂದಾಚೆಗೆ ಹೋಗುವ ರೀತಿಯನ್ನೇ ಬದಲಾಯಿಸಿದೆವು.

ಮೊದಲನೆಯದು, ಕಾರು ಬೇಡ. ಕಾರಿದ್ದರೆ ‘ಇಲ್ಲೇ ಹತ್ತಿರ, ನೋಡಿ ಬಂದುಬಿಡೋಣ’ ಅನ್ನುವ ಆಸೆ ಹುಟ್ಟುತ್ತದೆ. ಶುಕ್ರವಾರ ಸಂಜೆ ಗೊರಗುಂಟೆಪಾಳ್ಯದ ಟ್ರಾಫಿಕ್ ದಾಟುವಷ್ಟರಲ್ಲೇ ಎಲ್ಲರಿಗೂ ಸಿಟ್ಟು ಬಂದಿರುತ್ತದೆ. ನಾವೀಗ ಮೆಟ್ರೋದಲ್ಲಿ ಮೆಜೆಸ್ಟಿಕ್‌ಗೆ ಹೋಗಿ ರೈಲು ಹತ್ತುತ್ತೇವೆ. ಶಿವಮೊಗ್ಗ, ಹುಬ್ಬಳ್ಳಿ ಕಡೆಯ ರೈಲುಗಳು ತುಮಕೂರು, ತಿಪಟೂರಿನ ಮೇಲೇ ಹೋಗುತ್ತವೆ. ಎಲ್ಲವೂ ತಿಪಟೂರಿನಲ್ಲಿ ನಿಲ್ಲುವುದಿಲ್ಲ, ನೋಡಿಕೊಂಡು ಟಿಕೆಟ್ ಮಾಡಿಸಿ. ಸ್ಟೇಷನ್‌ನಿಂದ ಮುಂದಕ್ಕೆ ಆಟೋ.

ಒಬ್ಬರಿಗೆ ಒಂದೇ ಬ್ಯಾಗು. ಎರಡು ಜೊತೆ ಕಾಟನ್ ಬಟ್ಟೆ, ಒಂದು ಹೊದಿಕೆ, ಟಾರ್ಚು, ದೊಡ್ಡವರ ಮಾತ್ರೆ, ಸೊಳ್ಳೆಗೆ ಹಚ್ಚುವ ಮುಲಾಮು. ಇಷ್ಟು ಸಾಕು. ಚಿಪ್ಸ್ ಪ್ಯಾಕೆಟ್ ಖಂಡಿತ ಬೇಡ. ಅದರ ಕವರು ಅವರ ತೋಟದಲ್ಲೇ ಉಳಿಯುತ್ತದೆ.

ಎಲ್ಲಕ್ಕಿಂತ ಮುಖ್ಯವಾದ ಮಾತು ಇನ್ನೊಂದಿದೆ. ನಮ್ಮ ವಿಶ್ರಾಂತಿ ಇನ್ನೊಬ್ಬರ ದುಡಿಮೆ ಆಗಬಾರದು. ನಾವು ಐದು ಜನ ಜಗುಲಿಯ ಮೇಲೆ ಹಾಯಾಗಿ ಕೂತರೆ, ಒಳಗೆ ಚಿಕ್ಕಮ್ಮ ಬೆಳಗಿನಿಂದ ರಾತ್ರಿವರೆಗೆ ಒಲೆ ಮುಂದೆ ನಿಂತಿರುತ್ತಾರೆ. ಎರಡನೇ ಸಲ ಇದು ನನ್ನ ಕಣ್ಣಿಗೆ ಬಿತ್ತು. ಈಗ ಹೋಗುವ ಮೊದಲೇ ಫೋನು ಮಾಡಿ, ‘ಚಿಕ್ಕಮ್ಮ, ನಮಗೆ ಅಂತ ವಿಶೇಷ ಏನೂ ಮಾಡ್ಬೇಡಿ, ನೀವು ಉಣ್ಣೋದನ್ನೇ ಉಣ್ತೀವಿ’ ಅಂತ ಹೇಳುತ್ತೇನೆ. ಅಕ್ಕಿ, ಎಣ್ಣೆ, ಕಾಫಿಪುಡಿ ನಾವೇ ಒಯ್ಯುತ್ತೇವೆ. ಪಾತ್ರೆ ತೊಳೆಯುವುದು ನಮ್ಮನೆಯವರ ಪಾಲು. ಹಂಡೆಗೆ ಉರಿ ಹಾಕುವುದು ಮಗನದು. ಏಳು ವರ್ಷದ ಹುಡುಗ, ಪಕ್ಕದಲ್ಲಿ ದೊಡ್ಡವರು ಒಬ್ಬರು ಇದ್ದೇ ಇರಬೇಕು. ಮೊದಲು ಒಣಗಿದ ಗರಿ, ಆಮೇಲೆ ಕರಟ, ಉರಿ ಹಿಡಿದ ಮೇಲೆ ತೆಂಗಿನ ಮಟ್ಟೆ. ನೀರು ಕಾಯುವವರೆಗೆ ಕಾಯಲೇಬೇಕು. ಮನೆಯಲ್ಲಿ ಗೀಸರ್ ಆನ್ ಮಾಡಿ ಎರಡು ನಿಮಿಷಕ್ಕೆ ‘ಆಯ್ತಾ’ ಅನ್ನುವವನು ಅಲ್ಲಿ ಒಲೆ ಮುಂದಿನಿಂದ ಏಳುವುದೇ ಇಲ್ಲ.

ದಿನಕ್ಕೆ ಒಂದು ಕೆಲಸ, ಅದೂ ಎಲ್ಲರೂ ಕೂತು ಮಾಡುವಂಥದ್ದು. ಜನವರಿಯಲ್ಲಿ ಹೋದರೆ ಅವರೆಕಾಯಿ ಕಾಲ. ಸೊಗಡಿನ ಕಾಯಿ ಸುಲಿದು, ಕಾಳನ್ನು ರಾತ್ರಿ ನೀರಿಗೆ ಹಾಕಿಡಿ. ಬೆಳಿಗ್ಗೆ ಜಗುಲಿಯ ಮೇಲೆ ಮೊರದ ಸುತ್ತ ಎಲ್ಲರೂ ಕೂತುಕೊಳ್ಳಿ. ನೆಂದ ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಮೆಲ್ಲಗೆ ಹಿದುಕಿದರೆ ಬೇಳೆ ಪುಳಕ್ಕನೆ ಆಚೆ ಬರುತ್ತದೆ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಜಾಸ್ತಿ ಒತ್ತಿದರೆ ಬೇಳೆ ಹಾರಿ ಅಂಗಳಕ್ಕೆ ಬೀಳುತ್ತದೆ, ಕೋಳಿ ಓಡಿ ಬರುತ್ತದೆ. ಒಂದು ಸೇರು ಕಾಳಿಗೆ ಬೆಳಗಿನ ಹೊತ್ತೆಲ್ಲ ಹಿಡಿಯುತ್ತದೆ. ಕೈಗೆ ಕೆಲಸ ಇದ್ದು ಬಾಯಿ ಖಾಲಿ ಇದ್ದಾಗ ಮಾತು ತಾನಾಗಿ ಬರುತ್ತದೆ. ನಮ್ಮ ಅತ್ತೆ ತಮ್ಮ ಮದುವೆಯ ದಿನದ ಕಥೆ ಹೇಳಿದ್ದು ಹೀಗೆ ಕೂತಾಗಲೇ. ಹದಿನಾಲ್ಕು ವರ್ಷ ಒಂದೇ ಮನೆಯಲ್ಲಿದ್ದೂ ನಾನು ಅದನ್ನು ಕೇಳಿರಲಿಲ್ಲ. ಮಧ್ಯಾಹ್ನ ಹಿದುಕಬೇಳೆ ಸಾರು, ಮುದ್ದೆ.

ಫೋನುಗಳನ್ನು ಒಂದು ಬುಟ್ಟಿಗೆ ಹಾಕಿಡಿ. ಬೆಳಿಗ್ಗೆ ಹತ್ತು ನಿಮಿಷ, ಸಂಜೆ ಹತ್ತು ನಿಮಿಷ. ದೊಡ್ಡವರೇ ಮೊದಲು ಹಾಕಬೇಕು, ಇಲ್ಲದಿದ್ದರೆ ಮಕ್ಕಳು ಯಾಕೆ ಕೇಳುತ್ತಾರೆ, ಅಲ್ವಾ?

ಎರಡನೇ ದಿನ ಮಧ್ಯಾಹ್ನ ಮಕ್ಕಳು ‘ಬೇಜಾರು’ ಅಂತ ಶುರು ಮಾಡುತ್ತಾರೆ. ಆಗ ಸುಮ್ನೆ ಇದ್ದುಬಿಡಿ. ಕಷ್ಟ, ಆದರೂ ಏನನ್ನೂ ಹುಡುಕಿ ಕೊಡಬೇಡಿ. ನಮ್ಮ ಮಗಳು ಒಂದು ಗಂಟೆ ಸೊರಗಿದ ಮುಖ ಹೊತ್ತು ಓಡಾಡಿದಳು. ಆಮೇಲೆ ಹಿತ್ತಲಲ್ಲಿ ನಾಲ್ಕು ಹುಣಸೆ ಬೀಜ ಆರಿಸಿಕೊಂಡು ಚಿಕ್ಕಮ್ಮನ ಹತ್ತಿರ ಹೋದಳು. ಬೀಜದ ಒಂದು ಮಗ್ಗುಲನ್ನು ಕಲ್ಲಿಗೆ ಉಜ್ಜಬೇಕು. ಕಂದು ಸಿಪ್ಪೆ ಸವೆದು ಬಿಳುಪು ಕಾಣುವವರೆಗೆ ಬಿಡಬಾರದು, ಬೆರಳು ಬಿಸಿಯಾಗುತ್ತದೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಐದೈದರಂತೆ 25 ಮನೆ ಬರೆದರೆ ಚೌಕಾಬಾರ ಸಿದ್ಧ. ಎಷ್ಟು ಬಿಳಿ ಮೇಲೆ ಬಿತ್ತೋ ಅಷ್ಟು ಮನೆ ನಡೆಸಿ. ನಾಲ್ಕೂ ಬಿಳಿ ಬಿದ್ದರೆ ಚೌಕ, ನಾಲ್ಕು. ಒಂದೂ ಬಿಳಿ ಇಲ್ಲದಿದ್ದರೆ ಬಾರ, ಎಂಟು. ಎರಡಕ್ಕೂ ಇನ್ನೊಂದು ಸಲ ಆಡಬಹುದು. ಅವತ್ತು ದೀಪ ಹಚ್ಚುವ ಹೊತ್ತಾದರೂ ಆಟ ಮುಗಿಯಲಿಲ್ಲ.

ರಾತ್ರಿ ಊಟ ಆದ ಮೇಲೆ ಅಂಗಳದ ದೀಪ ಆರಿಸಿ ಚಾಪೆ ಹಾಸಿ. ಕತ್ತಲೆಗೆ ಕಣ್ಣು ಒಗ್ಗಲು ಇಪ್ಪತ್ತು ನಿಮಿಷವಾದರೂ ಬೇಕು, ಅಲ್ಲಿಯವರೆಗೆ ಟಾರ್ಚು ಹಾಕಬೇಡಿ. ಜನವರಿಯಲ್ಲಿ ಕೃತ್ತಿಕೆಯ ಗೊಂಚಲು ನೆತ್ತಿಯ ಹತ್ತಿರವೇ ಕಾಣುತ್ತದೆ. ಆದರೆ ಅಂಗಳ ಬಿಟ್ಟು ಒಂದು ಹೆಜ್ಜೆ ಇಡುವುದಾದರೂ ಟಾರ್ಚು ಬೇಕೇ ಬೇಕು. ತೋಟದಲ್ಲಿ ಹಾವು ಇರುತ್ತವೆ.

ವಾಪಸ್ ಬರುವುದು ಭಾನುವಾರ ಸಂಜೆ ಬೇಡ. ಸೋಮವಾರ ಒಂದು ದಿನ ರಜೆ ಹಾಕಿ ಮಧ್ಯಾಹ್ನದ ಹೊತ್ತಿಗೆ ಹೊರಡಿ. ಚಿಕ್ಕಮ್ಮ ರಾಗಿ ರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಕಟ್ಟಿಕೊಡುತ್ತಾರೆ. ಅದನ್ನು ರೈಲಿನಲ್ಲಿ ಬಿಚ್ಚಬೇಡಿ, ರಾತ್ರಿಗೆ ಇಟ್ಟುಕೊಳ್ಳಿ. ಅವತ್ತು ಮನೆಯಲ್ಲಿ ಒಲೆ ಹಚ್ಚುವ ಕೆಲಸವೇ ಇರುವುದಿಲ್ಲ.